ವಾರಕ್ಕೊಮ್ಮೆ ಹೊಸ ನೆಂಟರು

ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದಿಂದ ಪಶ್ಚಿಮಕ್ಕೆ ಹೊರಟ ರಸ್ತೆ ಸುಮಾರು ಐವತ್ತು ಮೈಲಿ ಸಾಗಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಪೂರ್ವ ದ್ವಾರವನ್ನು ಮುಟ್ಟುತ್ತದೆ. ಶೊಶೋನಿ ನದಿಯ ಉತ್ತರ ಕವಲು ದಾರಿಯುದ್ದಕ್ಕೂ ಜೊತೆಗೇ ಹರಿಯುತ್ತದೆ. ಆ ಕಣಿವೆಯಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಹಳೆಯ ಮನೆಗಳು, ಕುದುರೆ ಲಾಯಗಳು, ಅತಿಥಿಗಳನ್ನು ಇರಿಸಿಕೊಳ್ಳುವ ರಾಂಚ್‌ಗಳು ಅಲ್ಲಲ್ಲಿ ಇವೆ. ಅವುಗಳಲ್ಲೊಂದರ ಊಟದ ಮನೆಯಲ್ಲಿ ನಾನು ಒಂದು ಬೇಸಿಗೆ ಬಡಿಸುವ ಕೆಲಸ ಮಾಡಿದೆ. ಪಕ್ಕದ ಕೊಲೊರಾಡೊದಲ್ಲಿ ಆತಿಥ್ಯ ನಿರ್ವಹಣೆ ಓದುತ್ತಿದ್ದೆ. ಒಂದು ಬೇಸಿಗೆಯ ತರಬೇತಿ ಪಠ್ಯದ ಭಾಗವೇ ಆಗಿತ್ತು. ಸಹಪಾಠಿಗಳು ಡೆನ್ವರ್‌ನ ದೊಡ್ಡ ಹೋಟೆಲುಗಳನ್ನು ಆರಿಸಿಕೊಂಡರು. ನಾನು ಮೂಡಿಗೆರೆಯ ಕಾಫಿ ತೋಟದಲ್ಲಿ ಹುಟ್ಟಿ ಬೆಳೆದವಳು. ಮೊಬೈಲ್ ಸಿಗ್ನಲ್ ಇಲ್ಲದ, ರಾತ್ರಿ ಹೊಳೆಯ ಸದ್ದು ಕೇಳುವ ಜಾಗ ಎಂದೊಡನೆ ಮನಸ್ಸು ಅತ್ತಲೇ ವಾಲಿತು.

ಅಲ್ಲಿನವರು ಇವನ್ನು ಡ್ಯೂಡ್ ರಾಂಚ್ ಎನ್ನುತ್ತಾರೆ. ಕುದುರೆ, ದನ, ಹುಲ್ಲುಗಾವಲು ಎಲ್ಲವೂ ಇರುತ್ತದೆ, ಆದರೆ ಸಂಸಾರ ನಡೆಯುವುದು ಬಂದು ಉಳಿಯುವ ಪೇಟೆಯವರಿಂದ. ಇದು ಶುರುವಾದ ಬಗೆಯೇ ಚೆನ್ನಾಗಿದೆ. ಈಟನ್ ಎಂಬ ಮನೆತನದ ಸಹೋದರರು 1879ರಲ್ಲಿ ಈಗಿನ ಉತ್ತರ ಡಕೋಟಾದ ಮೆಡೋರಾ ಬಳಿ ರಾಂಚ್ ಹೂಡಿದರು. ಪೂರ್ವದ ನಗರಗಳಿಂದ ಗೆಳೆಯರು, ಗೆಳೆಯರ ಗೆಳೆಯರು ಬಂದು ವಾರಗಟ್ಟಲೆ ಉಳಿಯತೊಡಗಿದರು. ಮನೆಯವರಿಗೆ ಹೊರೆಯಾಗುತ್ತಿದ್ದೇವೆ ಎಂದು ಬಂದವರಿಗೇ ಅನ್ನಿಸಿ, 1882ರಲ್ಲಿ ಅತಿಥಿಯೊಬ್ಬ ತಾನಾಗಿಯೇ ಹಣ ಕೊಟ್ಟ. ಮುಂದೆ 1904ರಲ್ಲಿ ಆ ಕುಟುಂಬ ವಯೋಮಿಂಗ್‌ಗೆ ಬಂತು. 1926ರಲ್ಲಿ ಇಂಥ ರಾಂಚ್‌ಗಳವರೆಲ್ಲ ಸೇರಿ ಸಂಘವನ್ನೂ ಕಟ್ಟಿಕೊಂಡರು. ಮೊದಲು ಬಂದದ್ದು ಸ್ನೇಹ, ಆಮೇಲೆ ಬಿಲ್ಲು. ಆ ಕ್ರಮದ ಗುರುತು ಈಗಲೂ ಊಟದ ಮನೆಯಲ್ಲಿ ಉಳಿದಿದೆ ಎಂಬುದನ್ನು ನಾನು ಕಣ್ಣಾರೆ ಕಂಡೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅತಿಥಿಗಳು ಭಾನುವಾರ ಮಧ್ಯಾಹ್ನ ಬರುತ್ತಾರೆ, ಶನಿವಾರ ಬೆಳಗಿನ ತಿಂಡಿ ಮುಗಿಸಿ ಹೊರಡುತ್ತಾರೆ. ಒಂದೆರಡು ರಾತ್ರಿಗೆ ಕೋಣೆ ಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ, ಪೂರ್ತಿ ವಾರ ಇರಬೇಕು. ಮೂರು ಹೊತ್ತಿನ ಊಟ, ಕುದುರೆ ಸವಾರಿ, ಮೀನು ಹಿಡಿಯುವುದು, ಒಂದು ಸಂಜೆ ಕೋಡಿಯ ರೋಡಿಯೊ, ಅಂದರೆ ಕೌಬಾಯ್‌ಗಳ ಕುದುರೆ, ಗೂಳಿ ಸವಾರಿಯ ಪಂದ್ಯ, ನೋಡಲು ಹೋಗುವುದು ಎಲ್ಲವೂ ಕೊಟ್ಟ ಹಣದಲ್ಲೇ ಸೇರಿರುತ್ತದೆ. ತಲೆಗೆ ವಾರಕ್ಕೆ ಸಾವಿರಾರು ಡಾಲರ್ ತಗಲುವುದರಿಂದ ಬರುವವರಲ್ಲಿ ಬಹಳಷ್ಟು ಮಂದಿ ಉಳ್ಳವರು. ಆದರೆ ವರ್ಷಗಟ್ಟಲೆ ಹಣ ಕೂಡಿಟ್ಟು ಮಕ್ಕಳು ಮೊಮ್ಮಕ್ಕಳೊಂದಿಗೆ ಬಂದ ಶಾಲಾ ಮೇಷ್ಟರನ್ನೂ ನಾನು ಕಂಡಿದ್ದೇನೆ. ಒಳಗೆ ಬಂದ ಮೇಲೆ ಯಾರು ಯಾರೆಂಬುದು ತಿಳಿಯುತ್ತಿರಲಿಲ್ಲ. ಎಲ್ಲರದೂ ಒಂದೇ ಧೂಳು ಹಿಡಿದ ಜೀನ್ಸ್, ಎಲ್ಲರಿಗೂ ಒಂದೇ ಉದ್ದನೆಯ ಪೈನ್ ಮೇಜು. ಮುಖ ನೋಡಿ ಮಣೆ ಹಾಕುವುದಕ್ಕೆ ಅಲ್ಲಿ ದಾರಿಯೇ ಇರಲಿಲ್ಲ.

ನನ್ನ ಕೆಲಸ ಬೆಳಕು ಹರಿಯುವ ಮೊದಲೇ ಶುರು. ದೊಡ್ಡ ಪಾತ್ರೆಯಲ್ಲಿ ಕಾಫಿ ಇಳಿಸುವುದು, ಮೇಜು ಒರೆಸಿ ತಟ್ಟೆ ಲೋಟ ಜೋಡಿಸುವುದು, ಮೇಪಲ್ ಪಾಕದ ಜಗ್ಗುಗಳನ್ನು ಬೆಚ್ಚಗೆ ಇಡುವುದು. ಅಷ್ಟರಲ್ಲಿ ಹೊರಗೆ ಕುದುರೆ ನೋಡಿಕೊಳ್ಳುವ ಹುಡುಗರು, ಅಲ್ಲಿನ ಮಾತಿನಲ್ಲಿ ರ‍್ಯಾಂಗ್ಲರ್‌ಗಳು, ರಾತ್ರಿಯಿಡೀ ಮೇಯಲು ಬಿಟ್ಟಿದ್ದ ಮಂದೆಯನ್ನು ಮೇಲಿನ ಹುಲ್ಲುಗಾವಲಿನಿಂದ ಹೊಡೆದುಕೊಂಡು ಬರುತ್ತಿದ್ದರು. ಗೊರಸಿನ ಸದ್ದಿಗೆ ಕಿಟಕಿಯ ಗಾಜು ಅದುರುತ್ತಿತ್ತು. ಏಳೂವರೆಗೆ ಅಂಗಳದ ಕಬ್ಬಿಣದ ತ್ರಿಕೋನವನ್ನು ಬಾರಿಸಿದರೆ ತಿಂಡಿ ಸಿದ್ಧ ಎಂದರ್ಥ.

ಊಟ ಬಡಿಸುವ ಕ್ರಮ ಹೀಗಿತ್ತು. ಅಡುಗೆಮನೆಯಿಂದ ದೊಡ್ಡ ತಟ್ಟೆಗಳಲ್ಲಿ, ಬೋಗುಣಿಗಳಲ್ಲಿ ಎಲ್ಲವನ್ನೂ ತಂದು ಮೇಜಿನ ಮೇಲಿಡುವುದು. ಅತಿಥಿಗಳು ಕೈಯಿಂದ ಕೈಗೆ ದಾಟಿಸಿಕೊಂಡು ತಾವೇ ಬಡಿಸಿಕೊಳ್ಳುವುದು. ಪ್ರತಿ ಮೇಜಿಗೂ ಒಂದು ಕುರ್ಚಿ ಖಾಲಿ. ಅದು ಬಡಿಸುವವರದು. ತಂದಿಟ್ಟ ಮೇಲೆ ನಾವೂ ಅಲ್ಲೇ ಕುಳಿತು ಅವರೊಂದಿಗೆ ಉಣ್ಣಬೇಕು.

ಈ ಕುರ್ಚಿಯಲ್ಲಿ ಕುಳಿತುಕೊಳ್ಳುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ನಮ್ಮ ಮನೆಯಲ್ಲಿ ನೆಂಟರು ಬಂದರೆ ಅಮ್ಮ, ಚಿಕ್ಕಮ್ಮ ಉಣ್ಣುವುದು ಕೊನೆಯ ಪಂಕ್ತಿಯಲ್ಲಿ. ಬಡಿಸುವವರು ನಿಂತೇ ಇರಬೇಕು, ಎಲೆಯ ಮೇಲೆ ಕಣ್ಣಿಟ್ಟಿರಬೇಕು, ಅನ್ನ ಮುಗಿಯುವ ಮೊದಲೇ ಸಾರಿನ ಸೌಟು ಬರಬೇಕು, ಸಾಕು ಎಂದವರಿಗೆ ಇನ್ನೊಂದು ಹೋಳಿಗೆ ಹಾಕಬೇಕು. ಆ ಉಪಚಾರ ನನ್ನ ಮೈಗೆ ಹತ್ತಿತ್ತು. ಅತಿಥಿಗಳ ನಡುವೆ ತಟ್ಟೆ ಹಿಡಿದು ಕುಳಿತರೆ ಸೊಂಟ ಕುರ್ಚಿಯಿಂದ ತಾನಾಗಿ ಏಳುತ್ತಿತ್ತು. ಆದರೆ ದಿನ ಕಳೆದಂತೆ ಆ ಕುರ್ಚಿಯ ಬೆಲೆ ತಿಳಿಯಿತು. ನಿಂತು ಬಡಿಸುವವಳ ಮುಖವನ್ನು ಕುಳಿತವರು ಕತ್ತೆತ್ತಿ ನೋಡಬೇಕು, ನೋಡಿದರೂ ಏನಾದರೂ ಬೇಕಿದ್ದಾಗ ಮಾತ್ರ. ಪಕ್ಕದಲ್ಲೇ ಕುಳಿತು ಆಲೂಗಡ್ಡೆಯ ಬೋಗುಣಿ ದಾಟಿಸುವವಳೊಂದಿಗೆ ಸುಮ್ಮನಿರುವುದೇ ಕಷ್ಟ, ಮಾತು ಬಂದೇ ಬರುತ್ತದೆ. ನಮ್ಮ ಮಲೆನಾಡಿನ ಹೋಂ ಸ್ಟೇಗಳಲ್ಲಿ ಪ್ರೀತಿಯಿಂದ ಬಡಿಸುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಬಡಿಸಿದವರು ಜೊತೆಗೆ ಕುಳಿತರೆ ಇನ್ನೂ ಎಷ್ಟು ಚೆನ್ನಾಗಿರುತ್ತದೆ ಎಂದು ಈಗ ಅನ್ನಿಸುತ್ತದೆ.

ಭಾನುವಾರ ರಾತ್ರಿಯ ಊಟದಲ್ಲಿ ಮೌನವೇ ಹೆಚ್ಚು. ದೂರದ ಪ್ರಯಾಣ, ಅಪರಿಚಿತ ಮುಖಗಳು, ಕೈಯಲ್ಲಿ ಕೆಲಸಕ್ಕೆ ಬಾರದ ಫೋನು. ಯಾರಿಗೂ ‘ನೀವು ಏನು ಕೆಲಸ ಮಾಡುತ್ತೀರಿ’ ಎಂದು ಮೊದಲು ಕೇಳಬೇಡಿ ಎಂದು ಊಟದ ಮನೆಯ ಮೇಲ್ವಿಚಾರಕಿ ನಮಗೆ ಹೇಳಿಕೊಟ್ಟಿದ್ದರು. ಕೆಲಸ ಮರೆಯಲೆಂದೇ ಬಂದವರು ಅವರು. ಕೆಲವರು ಆ ವರ್ಷ ಕೆಲಸ ಕಳೆದುಕೊಂಡಿರಲೂಬಹುದು. ಹಾಗಾದರೆ ಏನು ಕೇಳುವುದು? ಉತ್ತರ ಸೋಮವಾರ ಬೆಳಿಗ್ಗೆ ತಾನೇ ಸಿಗುತ್ತಿತ್ತು. ಅಂದು ಪ್ರತಿಯೊಬ್ಬರಿಗೂ ವಾರಕ್ಕೊಂದು ಕುದುರೆಯನ್ನು ಗೊತ್ತುಮಾಡುತ್ತಾರೆ. ಎಷ್ಟು ಸವಾರಿ ಮಾಡಿದ್ದೀರಿ ಎಂದು ಕೇಳಿದರೆ ಹೆಚ್ಚಿನವರು ಇದ್ದದ್ದಕ್ಕಿಂತ ತುಸು ಹೆಚ್ಚೇ ಹೇಳುತ್ತಾರೆ. ಹಿರಿಯ ರ‍್ಯಾಂಗ್ಲರ್ ಮಾತಿಗಿಂತ ಹೆಚ್ಚಾಗಿ ಅವರು ನಡೆದುಕೊಂಡು ಬರುವ ರೀತಿ, ಕುದುರೆಯ ಹತ್ತಿರ ಕೈ ಚಾಚುವ ರೀತಿ ನೋಡಿ ನಿರ್ಧರಿಸುತ್ತಿದ್ದರು. ಅಂಜುವವರಿಗೆ ಹತ್ತಿಪ್ಪತ್ತು ವರ್ಷ ಸವಾರರನ್ನು ಹೊತ್ತು ಪಳಗಿದ ಮುದಿ ಕುದುರೆ, ಕೈ ಬಿಗಿ ಇಲ್ಲದವರಿಗೆ ಲಗಾಮು ಸಡಿಲಿದ್ದರೂ ದಾರಿ ಬಿಡದ ಕುದುರೆ.

ಮಧ್ಯಾಹ್ನದ ಊಟಕ್ಕೆ ಬಂದವರನ್ನು ‘ನಿಮಗೆ ಯಾವ ಕುದುರೆ ಸಿಕ್ಕಿತು?’ ಎಂದು ಕೇಳಿದರೆ ಸಾಕು. ಬಾಯಿ ಬಿಡದ ಹದಿಹರೆಯದ ಹುಡುಗನೂ ತನ್ನ ಕುದುರೆ ಹೊಳೆಯ ನಡುವೆ ನಿಂತು ನೀರು ಕುಡಿದದ್ದನ್ನು ಕೈ ಬೀಸಿ ವರ್ಣಿಸುತ್ತಿದ್ದ. ಮಂಗಳವಾರ ಹೊತ್ತಿಗೆ ಎಲ್ಲರಿಗೂ ತಮ್ಮ ಕುದುರೆಯೇ ಜಾಣ. ನಾನು ಅತಿಥಿಗಳ ಹೆಸರಿನೊಂದಿಗೆ ಅವರ ಕುದುರೆಯ ಹೆಸರನ್ನೂ ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ, ಜೊತೆಗೆ ಯಾರಿಗೆ ಕಾಫಿಗೆ ಹಾಲು ಬೇಡ, ಯಾರು ಎಡಗೈಯಲ್ಲಿ ಉಣ್ಣುತ್ತಾರೆ, ಯಾರ ಮೊಣಕಾಲಿಗೆ ಮೇಜಿನ ತುದಿಯ ಜಾಗ ಬೇಕು ಎಂಬುದನ್ನೂ. ಹೆಸರು ನೆನಪಿಟ್ಟುಕೊಂಡರೆ ಮೆಚ್ಚುತ್ತಾರೆ. ಎಡಗೈಯವರಿಗೆ ಮೇಜಿನ ಎಡತುದಿ ಬಿಟ್ಟುಕೊಟ್ಟರೆ, ತನ್ನನ್ನು ಯಾರೋ ಗಮನಿಸಿದ್ದಾರೆ ಎಂಬುದು ಅವರ ಮುಖದ ಮೇಲೇ ಕಾಣುತ್ತಿತ್ತು.

ಸೋಮವಾರ ಸಂಜೆಯ ಚಿತ್ರವೇ ಬೇರೆ. ತೊಡೆ, ಸೊಂಟ, ಮಂಡಿ ಎಲ್ಲ ಹಿಡಿದುಕೊಂಡು ಅತಿಥಿಗಳು ಗೋಡೆ ಹಿಡಿದು ಬರುವ ಹೊತ್ತು. ರಾಂಚ್ ಇದ್ದದ್ದು ಸುಮಾರು ಆರು ಸಾವಿರ ಅಡಿ ಎತ್ತರದಲ್ಲಿ. ಕಡಲ ಮಟ್ಟದ ಊರುಗಳಿಂದ ಬಂದವರಿಗೆ ಒಣಗಾಳಿಗೆ ತಲೆ ಸಿಡಿಯುತ್ತಿತ್ತು, ಒಂದು ಲೋಟ ವೈನ್ ಎರಡರಷ್ಟು ಏರುತ್ತಿತ್ತು. ಹಾಗಾಗಿ ನೀರು ಕುಡಿಸುವುದು ಬಡಿಸುವವರ ಮೊದಲ ಕರ್ತವ್ಯ. ಕೇಳಿದಾಗ ಕೊಡುವುದಲ್ಲ, ಲೋಟ ಅರ್ಧವಾದೊಡನೆ ತುಂಬುವುದು. ನಮ್ಮ ಮನೆಯ ಒತ್ತಾಯದ ಉಪಚಾರ ಇಲ್ಲಿ ಚೆನ್ನಾಗಿಯೇ ಉಪಯೋಗಕ್ಕೆ ಬಂತು. ಗಟ್ಟಿ ಬೆಂಚಿನ ಮೇಲೆ ದಿಂಬು ಹಾಕಿಡುತ್ತಿದ್ದೆ. ಯಾರೂ ದಿಂಬು ಕೇಳಿರುವುದಿಲ್ಲ, ಕೇಳಲು ಸಂಕೋಚ. ಹಾಕಿಟ್ಟರೆ ಕುಳಿತು ದೊಡ್ಡ ನಿಟ್ಟುಸಿರು ಬಿಡುತ್ತಾರೆ.

ಊಟದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಊರಿನಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. ನಾನು ಸಸ್ಯಾಹಾರಿ. ಆ ಅಡುಗೆಮನೆಯ ಜೀವಾಳ ದನದ ಮಾಂಸ. ಯಾರಿಗೆ ಒಳಗೆ ಕೆಂಪಾಗಿರಬೇಕು, ಯಾರಿಗೆ ಪೂರ್ತಿ ಬೆಂದಿರಬೇಕು ಎಂದು ಕೇಳಿ ಬರೆದುಕೊಂಡು, ಸರಿಯಾದ ತಟ್ಟೆಯನ್ನು ಸರಿಯಾದವರ ಮುಂದೆ ಬಿಸಿಯಾಗಿ ಇಡುವುದು ನನ್ನ ಕೆಲಸ. ನಾನು ಉಣ್ಣದಿರುವುದು ನನ್ನ ವಿಷಯ, ಅವರು ಚೆನ್ನಾಗಿ ಉಣ್ಣುವುದು ನನ್ನ ಜವಾಬ್ದಾರಿ. ಇವೆರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡೆ, ಯಾವ ಕಸಿವಿಸಿಯೂ ಆಗಲಿಲ್ಲ. ನನ್ನ ತಟ್ಟೆಯಲ್ಲಿ ಜೋಳದ ಬ್ರೆಡ್, ಸಲಾಡ್, ಬೇಯಿಸಿದ ಆಲೂಗಡ್ಡೆ, ಬೆಣ್ಣೆ ಸವರಿದ ಜೋಳದ ತೆನೆ. ಸಿಹಿ ಹುಳಿ ಬೆರೆತ ಬೀನ್ಸ್ ನೋಡಿ ನಮ್ಮವರು ನೆಚ್ಚಿಕೊಳ್ಳಬಾರದು, ಅದರಲ್ಲಿ ಸಾಮಾನ್ಯವಾಗಿ ಹಂದಿಮಾಂಸದ ತುಣುಕು ಇರುತ್ತದೆ. ಅಡುಗೆಯಾತ ನನಗಾಗಿ ಒಂದು ಬಟ್ಟಲು ಬೀನ್ಸನ್ನು ಬೇರೆ ತೆಗೆದಿಡುತ್ತಿದ್ದ. ಬಡಿಸುವವಳ ಹೊಟ್ಟೆಯನ್ನೂ ನೋಡುವ ಅಡುಗೆಯವರು ಸಿಕ್ಕುವುದು ಪುಣ್ಯ.

ಆ ಅಡುಗೆಮನೆಗೆ ಒಂದು ವಾರ ಪರೀಕ್ಷೆ ಬಂತು. ಒಹಾಯೊದಿಂದ ಬಂದ ಕುಟುಂಬವೊಂದರಲ್ಲಿ ಒಂಬತ್ತು ವರ್ಷದ ಹುಡುಗಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಇವುಗಳ ಕಣವೂ ಹೊಟ್ಟೆಗೆ ಹೋಗಬಾರದು, ಬ್ರೆಡ್ಡಿನ ಪುಡಿ ಬಿದ್ದ ಬೆಣ್ಣೆಯೂ ಆಗದು. ಅವಳ ತಾಯಿ ಒಂದು ಚೀಲ ತುಂಬ ತಮ್ಮದೇ ಬ್ರೆಡ್ ತಂದಿದ್ದರು. ಬಿಸಿ ಬಿಸ್ಕೆಟ್ಟಿನ (ಅಲ್ಲಿ ಬಿಸ್ಕೆಟ್ ಎಂದರೆ ಗೋಧಿ ಹಿಟ್ಟಿನ ಮೆತ್ತನೆಯ ಬನ್ನು) ಬುಟ್ಟಿ ಮೇಜಿನುದ್ದಕ್ಕೂ ಕೈಯಿಂದ ಕೈಗೆ ಸಾಗುವಾಗ ಹುಡುಗಿ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿರುತ್ತಿದ್ದಳು. ಬುಟ್ಟಿ ಅವಳ ತಲೆಯ ಮೇಲಿಂದ ದಾಟಿ ಹೋಗುತ್ತಿತ್ತು. ಅದನ್ನು ಒಂದು ಹೊತ್ತು ನೋಡಿದೆ, ಎರಡನೆಯ ಹೊತ್ತಿಗೆ ನೋಡಲಾಗಲಿಲ್ಲ. ಅಕ್ಕಿ ರೊಟ್ಟಿ ತಿಂದು ಬೆಳೆದವಳು ನಾನು, ಈ ಮಗುವಿನ ಎದುರು ಕೈಕಟ್ಟಿ ಕೂರುವುದು ಹೇಗೆ?

ಅಡುಗೆಯಾತನಿಗೆ ಹೇಳಿದೆ. ಆತ ತಕ್ಷಣ ಒಪ್ಪಲಿಲ್ಲ, ಒಪ್ಪದಿದ್ದದ್ದು ಸರಿಯೇ. ತಿಂಡಿಯ ದೋಸೆಗಲ್ಲಿನಂಥ ದೊಡ್ಡ ಕಾವಲಿಯ ಮೇಲೆ ದಿನವೂ ಗೋಧಿ ಹಿಟ್ಟಿನ ಪ್ಯಾನ್‌ಕೇಕ್ ಬೇಯುತ್ತದೆ, ಎಷ್ಟು ಉಜ್ಜಿದರೂ ಅದನ್ನು ನಂಬುವಂತಿಲ್ಲ. ಕೊನೆಗೆ ಕೋಡಿಗೆ ಸಾಮಾನು ತರಲು ಹೋದವರು ಹೊಸ ಎರಕದ ಬಾಣಲೆ, ಗ್ಲೂಟೆನ್ (ಗೋಧಿ, ಬಾರ್ಲಿ, ರೈಗಳಲ್ಲಿರುವ, ಈ ಕಾಯಿಲೆಯವರಿಗೆ ಆಗದ ಅಂಶ) ಇಲ್ಲವೆಂದು ಮುದ್ರೆಯಿದ್ದ ಅಕ್ಕಿ ಹಿಟ್ಟಿನ ಮುಚ್ಚಿದ ಪೊಟ್ಟಣ, ಹೊಸ ಮರದ ಸೌಟು ತಂದರು. ಬೇರೆ ಒಲೆಯ ಮೂಲೆ, ಬೇರೆ ಎಣ್ಣೆಯ ಬಾಟಲಿ. ಗೋಧಿ ಹಿಟ್ಟು ಗಾಳಿಯಲ್ಲಿ ಹಾರಾಡುವ ಬೆಳಗಿನ ಹೊತ್ತು ಬೇಡವೆಂದು ಸಂಜೆಯನ್ನು ಆರಿಸಿಕೊಂಡೆವು.

ನಮ್ಮ ಕಡೆ ದಿನನಿತ್ಯ ಮಾಡುವುದು ಹಿಟ್ಟು ಉಕ್ಕರಿಸಿ ಲಟ್ಟಿಸುವ ತೆಳ್ಳನೆಯ ರೊಟ್ಟಿ. ಆ ಪೊಟ್ಟಣದ ಹಿಟ್ಟು ಸ್ವಲ್ಪ ತರಿ, ಲಟ್ಟಿಸಿದರೆ ಅಂಚು ಬಿರಿಯುತ್ತಿತ್ತು. ಹಾಗಾಗಿ ಮೈಸೂರು ಕಡೆಯವರಂತೆ ತಟ್ಟುವ ರೊಟ್ಟಿಗೆ ಇಳಿದೆ. ಬಿಸಿನೀರಿನಲ್ಲಿ ಹಿಟ್ಟು ಕಲಸಿ, ತುರಿದ ಕ್ಯಾರೆಟ್, ಸಣ್ಣಗೆ ಹೆಚ್ಚಿದ ಈರುಳ್ಳಿ, ಉಪ್ಪು ಹಾಕಿದೆ. ಹಸಿಮೆಣಸು ಬೇಡ. ಸಬ್ಬಸಿಗೆ ಸೊಪ್ಪಂತೂ ಅಲ್ಲಿ ಮೀನಿನ ಅಡುಗೆಗೆಂದು ಕಟ್ಟುಗಟ್ಟಲೆ ಇತ್ತು; ಅದನ್ನು ಕೈತುಂಬ ಹಾಕಿದೆ. ಎಣ್ಣೆ ಸವರಿದ ಬೇಕಿಂಗ್ ಕಾಗದದ ಮೇಲೆ ತಟ್ಟಿ, ಕಾಗದ ಸಮೇತ ಬಾಣಲೆಗೆ ಮಗುಚಿ, ಕಾಗದ ಮೆಲ್ಲಗೆ ಎಬ್ಬಿಸಿ, ನಡುವೆ ಬೆರಳಿನಿಂದ ತೂತು ಮಾಡಿ ಎಣ್ಣೆ ಬಿಟ್ಟು ಮುಚ್ಚಿದೆ. ಸಬ್ಬಸಿಗೆ ಬೇಯುವ ಪರಿಮಳಕ್ಕೆ ಪಾತ್ರೆ ತೊಳೆಯುತ್ತಿದ್ದ ಹುಡುಗರು ಬಂದು ನಿಂತರು. ಅವರಿಗೆ ಕೊಡಲಿಲ್ಲ. ಮೊದಲ ರೊಟ್ಟಿ ಹುಡುಗಿಯ ತಟ್ಟೆಗೆ ಹೋಯಿತು.

ಅವಳು ಅಂಚನ್ನು ಮುರಿದು ತಿಂದಳು. ಆಮೇಲೆ ಬೆಣ್ಣೆ ಸವರಿ, ಮೇಲೆ ಜೇನುತುಪ್ಪ ಸುರಿದು, ಸುತ್ತಿ ತಿಂದಳು. ಸಬ್ಬಸಿಗೆಗೂ ಜೇನಿಗೂ ಹೊಂದುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ, ಹೊಂದುತ್ತದೆ. ಮರುದಿನ ಅವಳ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೆಲ್ಲ ತಮಗೂ ಬೇಕೆಂದರು. ಬಾಣಲೆ ಅವಳದ್ದು, ಅವಳು ಹೇಳಿದವರಿಗೆ ಮಾತ್ರ ಎಂದೆ. ಅಂದಿನಿಂದ ಸಂಜೆಯ ಊಟಕ್ಕೆ ಮೊದಲು ಅವಳು ಅಡುಗೆಮನೆಯ ಹಿಂಬಾಗಿಲ ಹೊರಗಿನ ಬೆಂಚಿನಲ್ಲಿ ಕೈ ತೊಳೆದುಕೊಂಡು ಕುಳಿತು ರೊಟ್ಟಿ ತಟ್ಟುತ್ತಿದ್ದಳು. ಯಾರಿಗೆ ಅರ್ಧ, ಯಾರಿಗೆ ಪೂರ್ತಿ ಎಂಬುದನ್ನು ಅವಳೇ ತೀರ್ಮಾನಿಸುತ್ತಿದ್ದಳು. ಅವಳ ತಾಯಿ ಒಂದು ಸಂಜೆ ಬಾಗಿಲ ಬಳಿ ಬಂದು ಏನೋ ಹೇಳಲು ಹೊರಟವರು ಹೇಳದೆ, ನನ್ನ ಪಕ್ಕ ನಿಂತು ಕ್ಯಾರೆಟ್ ತುರಿಯತೊಡಗಿದರು. ಮೂರೂ ಜನ ಮಾತಿಲ್ಲದೆ ಕೆಲಸ ಮಾಡಿದೆವು. ಒಬ್ಬರಿಗೊಬ್ಬರು ಹತ್ತಿರವಾಗಲು ಜೊತೆಗೆ ಕೈಕೆಲಸ ಮಾಡುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಇದುವರೆಗೆ ಕಂಡಿಲ್ಲ.

ಜುಲೈ ನಡುವಿನಲ್ಲಿ ಅಯೋವಾದ ರೈತ ದಂಪತಿ ಬಂದರು. ಮುಸುಕಿನ ಜೋಳ, ಸೋಯಾ ಮತ್ತು ಹಂದಿ ಸಾಕಣೆ. ಸಿಂಪಡಣೆ ಮುಗಿದಿತ್ತು, ಕೊಯ್ಲಿಗೆ ಇನ್ನೂ ಎರಡು ತಿಂಗಳು, ಮಗನಿಗೆ ವಹಿಸಿ ಬಂದಿದ್ದರು. ಎಷ್ಟೋ ವರ್ಷದ ಮೇಲೆ ತೆಗೆದುಕೊಂಡ ರಜೆ. ಆದರೆ ಐದೂವರೆಗೆ ಎದ್ದು ಅಭ್ಯಾಸವಾದ ದೇಹ ರಜೆಯನ್ನು ಒಪ್ಪುತ್ತದೆಯೇ? ನಾನು ಕಾಫಿ ಇಳಿಸುವ ಹೊತ್ತಿಗೆ ಆತ ಜಗಲಿಯಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಆ ನೋಟ ನನಗೆ ಗೊತ್ತು. ಮಾರ್ಚ್ ತಿಂಗಳಲ್ಲಿ ಅಪ್ಪ ಅಂಗಳದಲ್ಲಿ ನಿಂತು ಪಡುವಣ ದಿಕ್ಕಿಗೆ ನೋಡುವುದು ಹಾಗೆಯೇ.

‘ಊರಲ್ಲಿ ಮಳೆ ಬೇಕಿತ್ತೇ?’ ಎಂದು ಕೇಳಿದೆ. ಆತ ತಿರುಗಿ ನೋಡಿದರು. ಬಡಿಸುವ ಹುಡುಗಿ ಮಳೆಯ ವಿಚಾರ ಕೇಳುತ್ತಾಳೆಂದು ಎಣಿಸಿರಲಿಲ್ಲ. ಬೇಕೇ ಬೇಕು ಎಂದರು. ಜೋಳದ ತೆನೆಗೆ ರೇಷ್ಮೆಯಂಥ ಎಳೆಗಳು ಹೊರಡುವ ಹೊತ್ತು. ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಆ ದಿನಗಳಲ್ಲಿ ನೆಲ ಒಣಗಿದರೆ ಪರಾಗ ಸರಿಯಾಗಿ ಕೂಡದೆ ತೆನೆಯ ತುದಿ ಬೋಳಾಗಿ ಉಳಿಯುತ್ತದೆ. ನಾನು ಹೂಮಳೆಯ ಕಥೆ ಹೇಳಿದೆ. ಕಾಫಿ ಗಿಡದ ಮೊಗ್ಗು ಬೇಸಿಗೆಯ ಮೊದಲ ಒಳ್ಳೆಯ ಮಳೆಗೆ ಕಾದು ಕುಳಿತಿರುತ್ತದೆ, ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ, ಆಮೇಲೆ ಬ್ಯಾಕಿಂಗ್ ಮಳೆ ಎನ್ನುವ ಎರಡನೆಯ ಮಳೆ ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ. ಆತ ಲೋಟ ಕೆಳಗಿಟ್ಟು ಕೇಳಿದರು.

ಅಪ್ಪ ಬೆಳಿಗ್ಗೆ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆಯುವುದನ್ನೂ ಹೇಳಿದೆ. ಸರ್ಕಾರಿ ಲೆಕ್ಕ ಮಿಲಿಮೀಟರಿಗೆ ಬಂದು ದಶಕಗಳಾದರೂ ನಮ್ಮ ಬೆಳೆಗಾರರು ಇಂಚು, ಸೆಂಟಿನಲ್ಲೇ (ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಪಾಲು) ಮಾತಾಡುತ್ತಾರೆ. ಅವರ ಹೊಲದ ಬೇಲಿಗೂಟಕ್ಕೂ ಗಾಜಿನ ಕೊಳವೆ ಕಟ್ಟಿದೆಯಂತೆ, ಅವರದೂ ಇಂಚಿನ ಲೆಕ್ಕ. ಅಯೋವಾದಲ್ಲಿ ವರ್ಷಕ್ಕೆ ಸುಮಾರು 35 ಇಂಚು. ನಾವು ನಿಂತಿದ್ದ ಕೋಡಿಯ ಸುತ್ತ ವರ್ಷವಿಡೀ ಬಿದ್ದರೂ 10 ಇಂಚು. ನಮ್ಮ ತೋಟದಲ್ಲಿ ನೂರು ದಾಟುವ ವರ್ಷಗಳಿವೆ ಎಂದಾಗ ಆತ ಹೆಂಡತಿಯನ್ನು ಕೂಗಿ ಕರೆದರು. ಅವರು ಬಂದು ಕುಳಿತು, ಅಷ್ಟು ಮಳೆಯಲ್ಲಿ ಬಟ್ಟೆ ಒಣಗಿಸುವುದು ಹೇಗೆ ಎಂದು ಕೇಳಿದರು. ಒಲೆಯ ಮೇಲಿನ ಅಟ್ಟದ ವಿಷಯ ಹೇಳಿದೆ. ತೋಟ ನೋಡದವರು ಕೇಳಲಾರದ ಪ್ರಶ್ನೆ ಅದು.

ಆ ವಾರ ಬೆಳಗಿನ ಕಾಫಿ ಮೂವರದಾಯಿತು. ಗುರುವಾರ ಕಚೇರಿಯ ದೂರವಾಣಿಗೆ ಮಗ ಕರೆ ಮಾಡಿ ಒಂದಿಂಚು ಹತ್ತು ಸೆಂಟ್ ಬಿತ್ತೆಂದು ತಿಳಿಸಿದ. ನಾನು ಊಟದ ಮನೆಯ ಕಪ್ಪು ಹಲಗೆಯಲ್ಲಿ ಅಂದಿನ ಊಟದ ಪಟ್ಟಿಯ ಕೆಳಗೆ ಅದನ್ನು ಬರೆದೆ. ಓದಿದ ಇತರರು ಏನೆಂದು ವಿಚಾರಿಸಿದರು, ಅಯೋವಾದವರು ಎದ್ದು ನಿಂತು ವಿವರಿಸಿದರು, ಇಡೀ ಮೇಜು ಚಪ್ಪಾಳೆ ತಟ್ಟಿತು. ಸಂಜೆಯ ಹೊತ್ತಿಗೆ ಫೀನಿಕ್ಸ್‌ನವರು ತಮ್ಮ ಊರಿನ ಹೆಸರು ಬರೆದು ಮುಂದೆ ಸೊನ್ನೆ ಹಾಕಿದ್ದರು, ಸಿಯಾಟಲ್‌ನವರು ತಮ್ಮಲ್ಲೂ ಜುಲೈ ಒಣ ತಿಂಗಳೇ ಎಂದು ಸಮರ್ಥಿಸಿಕೊಂಡಿದ್ದರು. ನಾನು ಅಪ್ಪನಿಗೆ ವೈಫೈ ಇದ್ದ ಕೋಣೆಯಿಂದ ಸಂದೇಶ ಕಳುಹಿಸಿ ತರಿಸಿಕೊಂಡ ಮೂಡಿಗೆರೆಯ ಅಂಕಿಯನ್ನು ಬರೆದಾಗ ಯಾರೂ ಮೊದಲು ನಂಬಲಿಲ್ಲ.

ಎಲ್ಲರೂ ಹೀಗೆ ಹತ್ತಿರವಾಗುತ್ತಾರೆಂದಲ್ಲ. ಹೊತ್ತಿಗೆ ಸರಿಯಾಗಿ ಊಟ, ಬಿಸಿ ನೀರು, ಒಳ್ಳೆಯ ಕುದುರೆ ಸಿಕ್ಕರೆ ಸಾಕು, ಮಾತು ಬೇಡ ಎನ್ನುವವರಿದ್ದರು. ಅದು ಅವರ ಹಕ್ಕು. ಮೇಜಿನಲ್ಲಿ ಪುಸ್ತಕ ತೆರೆದಿಟ್ಟವರ ಪಕ್ಕ ನಾನು ಸುಮ್ಮನೆ ಉಣ್ಣುತ್ತಿದ್ದೆ. ಸ್ನೇಹಕ್ಕೆ ಗೆರೆಗಳೂ ಇದ್ದವು: ಅತಿಥಿಗಳ ಕ್ಯಾಬಿನ್ನಿನೊಳಗೆ ಕೆಲಸವಿಲ್ಲದೆ ಕಾಲಿಡಬಾರದು, ಅವರೊಂದಿಗೆ ಮದ್ಯ ಸೇವಿಸಬಾರದು, ವಿಳಾಸ ಅವರಾಗಿ ಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಇವು ಬೇಕಾದ ಗೆರೆಗಳೇ. ದೂರದ ಕಣಿವೆಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಅವು ರಕ್ಷಣೆ. ಅತಿಥಿಗಳಿಗೂ ಎಷ್ಟು ಹತ್ತಿರ ಬರಬಹುದೆಂಬುದು ಸ್ಪಷ್ಟವಿದ್ದರೆ ನಿರಾಳ. ಇನ್ನೊಂದು ನಿಯಮವನ್ನು ಮಾತ್ರ ಯಾರಿಗೂ ಎರಡು ಸಲ ಹೇಳಬೇಕಾಗಿರಲಿಲ್ಲ: ಜಗಲಿಯಲ್ಲಿ ತಿನಿಸು ಬಿಡಬಾರದು. ಗ್ರಿಜ್ಲಿ ಕರಡಿಗಳ ಕಣಿವೆ ಅದು. ರಾತ್ರಿ ಊಟ ಮುಗಿಸಿ ಕ್ಯಾಬಿನ್ನಿಗೆ ಹೊರಟ ಮುದುಕರ ಜೊತೆ ಟಾರ್ಚ್, ಕರಡಿ ಸ್ಪ್ರೇ ಹಿಡಿದು ನಡೆಯುವುದೂ ನಮ್ಮ ಕೆಲಸದಲ್ಲಿ ಸೇರಿತ್ತು. ಹಗಲಿನ ಮೇಜಿನಲ್ಲಿ ಆಡದ ಮಾತುಗಳನ್ನು ಆ ಕತ್ತಲ ದಾರಿಯಲ್ಲಿ ಎಷ್ಟೋ ಜನ ಆಡಿದರು. ಅವನ್ನು ಇಲ್ಲಿ ಬರೆಯುವುದಿಲ್ಲ.

ಬುಧವಾರ ಮೇಲಿನ ಹುಲ್ಲುಗಾವಲಿನಲ್ಲಿ ಬಯಲ ತಿಂಡಿ. ಅತಿಥಿಗಳು ಕುದುರೆಯ ಮೇಲೆ, ನಾವು ಸಾಮಾನಿನ ಟ್ರಕ್ಕಿನಲ್ಲಿ. ಎನಾಮೆಲ್ ಕೆಟಲಿನಲ್ಲಿ ನೀರು ಕುದಿಸಿ, ಅದಕ್ಕೇ ಕಾಫಿಪುಡಿ ಸುರಿದು, ಇಳಿಸಿದ ಮೇಲೆ ತಣ್ಣೀರು ಚಿಮುಕಿಸಿ ಚರಟ ಕೂರಿಸುತ್ತಾರೆ. ಅಜ್ಜಿ ಬಟ್ಟೆಯಲ್ಲಿ ಸೋಸುತ್ತಿದ್ದ ಕಾಫಿಗೆ ಹತ್ತಿರದ ರುಚಿ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಏಳುವ ಸಂಭವ ಹೆಚ್ಚು. ಹಾಗಾಗಿ ಎತ್ತರದ ಬೆಟ್ಟದಂಚಿನ ಸವಾರಿಗಳೆಲ್ಲ ಬೆಳಿಗ್ಗೆಯೇ.

ಶನಿವಾರ ಬೀಳ್ಕೊಡುಗೆ. ಅಲ್ಲಿ ಅತಿಥಿಗಳು ಒಟ್ಟು ಬಿಲ್ಲಿನ 15ರಿಂದ 20 ಪ್ರತಿಶತ ಟಿಪ್ಸ್ ಬಿಡುವುದು ರೂಢಿ. ನಮ್ಮ ರಾಂಚ್‌ನಲ್ಲಿ ಅದು ಕಚೇರಿಯ ಒಂದೇ ಪೆಟ್ಟಿಗೆಗೆ ಬೀಳುತ್ತಿತ್ತು. ಲಾಯ ತೊಳೆಯುವವರಿಂದ ಹಿಡಿದು ಹಾಸಿಗೆ ಹಾಸುವವರವರೆಗೆ ಎಲ್ಲರಿಗೂ ಹಂಚಿಕೆ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತ್ಯುತ್ತಮ ಅಂಶ ಇದು. ಯಾರೊಂದಿಗೆ ಎಷ್ಟು ಹೊತ್ತು ಮಾತಾಡಿದರೆ ಎಷ್ಟು ಸಿಗುತ್ತದೆ ಎಂಬ ಲೆಕ್ಕ ನನ್ನ ತಲೆಯೊಳಗೆ ಬರುವಂತೆಯೇ ಇರಲಿಲ್ಲ. ರೊಟ್ಟಿ ಮಾಡಿದ್ದು ಹುಡುಗಿಗಾಗಿ, ಮಳೆಯ ಮಾತು ಆಡಿದ್ದು ಮಳೆಗಾಗಿ. ಒಬ್ಬೊಬ್ಬರಿಗೇ ಲಕೋಟೆ ಕೊಡುವ ಕಡೆ ಕೆಲಸ ಮಾಡಿದ ಗೆಳತಿಯರು ಹೇಳುವುದನ್ನು ಕೇಳಿದರೆ, ಅಲ್ಲಿ ಅತಿಥಿಯ ನಗುವನ್ನೂ ತಮ್ಮ ನಗುವನ್ನೂ ನಂಬುವುದು ಕಷ್ಟವಾಗುತ್ತದಂತೆ.

ಅಯೋವಾದವರು ಹೊರಡುವಾಗ ಅಪ್ಪನ ಇಮೇಲ್ ವಿಳಾಸ ಕೇಳಿ ಬರೆದುಕೊಂಡರು, ನನ್ನದನ್ನಲ್ಲ. ಈಗ ಅವರಿಬ್ಬರ ನಡುವೆ ಪತ್ರವ್ಯವಹಾರವಿದೆ. ಅಪ್ಪ ಕಾಳುಮೆಣಸಿನ ಧಾರಣೆ ಬರೆಯುತ್ತಾರೆ, ಅತ್ತಣಿಂದ ಜೋಳದ ಧಾರಣೆ ಬರುತ್ತದೆ. ಇಬ್ಬರೂ ಧಾರಣೆಯ ಬಗ್ಗೆ ಗೊಣಗುತ್ತಾರೆ. ಒಹಾಯೊದ ಹುಡುಗಿಯ ತಾಯಿ ರೊಟ್ಟಿಗೆ ಸಣ್ಣ ಹಿಟ್ಟು ಸಿಗುವ ಭಾರತೀಯ ಅಂಗಡಿಯನ್ನು ತಮ್ಮ ಊರಿನಲ್ಲಿ ಹುಡುಕಿಕೊಂಡಿದ್ದಾರೆ.

ಅಮೆರಿಕದಲ್ಲಿ ಓದುತ್ತಿರುವ ನಮ್ಮ ಮಕ್ಕಳಲ್ಲಿ ಯಾರಿಗಾದರೂ ಇಂಥ ಕೆಲಸದ ಮನಸ್ಸಿದ್ದರೆ ಚಳಿಗಾಲದಲ್ಲೇ ಅರ್ಜಿ ಹಾಕಿ, ಮೇ ತಿಂಗಳಿಗೆ ಕಾದರೆ ಜಾಗ ಉಳಿದಿರುವುದಿಲ್ಲ. ವಿದ್ಯಾರ್ಥಿ ವೀಸಾದವರು ಪಠ್ಯದ ಭಾಗವಾದ ತರಬೇತಿಗೆ ವಿಶ್ವವಿದ್ಯಾಲಯದ ಅನುಮತಿಯನ್ನು ಕೆಲಸಕ್ಕೆ ಸೇರುವ ಮೊದಲೇ ಪಡೆದಿರಬೇಕು. ಪತ್ರ ಕೈಗೆ ಬರುವವರೆಗೆ ಒಂದು ದಿನವೂ ಕೆಲಸ ಮಾಡಬೇಡಿ. ಊಟ ವಸತಿಗೆ ಸಂಬಳದಿಂದ ಎಷ್ಟು ಕಳೆಯುತ್ತಾರೆ, ಟಿಪ್ಸ್ ಹೇಗೆ ಹಂಚುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬಡಿಸುವವರು ಅತಿಥಿಗಳ ಜೊತೆ ಕುಳಿತು ಉಣ್ಣುತ್ತಾರೆಯೇ ಎಂದೂ ಕೇಳಿ. ಜೂನ್ ತಿಂಗಳಲ್ಲೂ ಅಲ್ಲಿ ಹಿಮ ಬೀಳಬಹುದು, ಬೆಚ್ಚನೆಯ ಜಾಕೆಟ್ ಇರಲಿ.